ಮಗಳು ಬೋರ್ಡಿನ ಮೇಲೆ ಬರೆದ ಹೆಸರು

ಓದುಗರಿಗೆ ನಮಸ್ಕಾರ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಅಕ್ಕಾ, ಈ ಬೇರು ನಮ್ಮಜ್ಜಿ ಅಗೀತಿದ್ದಿದ್ದು. ಮಾತ್ರೆ ಮಾಡೋ ಕಂಪನಿ ಹೆಸ್ರು ಹೇಳಿದ್ರಿ, ನಮ್ ಜನದ್ದು ಯಾಕಿಲ್ಲ?"

ಶಿವಮೊಗ್ಗದ ಕಾಲೇಜಿನಲ್ಲಿ ನನ್ನ ಮಗಳ ಎಂಎಸ್ಸಿ ಸೆಮಿನಾರ್ ಮುಗಿಯುತ್ತಿದ್ದಂತೆ, ಅಲ್ಲೇ ಓದುತ್ತಾ ಕನ್ನಡ ಕಲಿತ ನಮೀಬಿಯಾದ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ. ಆಫ್ರಿಕಾದ ಮರಳುಗಾಡಿನವರು ಕೀಲುನೋವಿಗೆ ಬಳಸುವ ಬೇರಿನಲ್ಲಿ ನೋವು ತಗ್ಗಿಸುವ ಅಂಶ ಯಾವುದೆಂಬುದು ಅವಳ ವಿಷಯ. ಮಾರ್ಕ್ಸ್ ಹಾಕುವ ಮೇಷ್ಟ್ರು ಮುಂದೆಯೇ ಕೂತಿದ್ದರು. ಭದ್ರಾವತಿಯಲ್ಲಿ ಲೇತ್ ಅಂಗಡಿ ಇಟ್ಟುಕೊಂಡು, ಮದುವೆಯಾದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮಗಳು ಏನಾದರೂ ಹೇಳಿ ಜಾರಿಕೊಳ್ಳಲಿ ಎನಿಸಿತು.

"ತಪ್ಪು ನಂದೇ ಕಣೋ. ಮಾರ್ಕ್ಸ್ ಕಳೀರಿ ಸರ್, ಪರವಾಗಿಲ್ಲ" ಎಂದ ಮಗಳು ಅವನ ಜನರ ಹೆಸರನ್ನು ಅವನನ್ನೇ ಕೇಳಿ, ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ಸಾನ್ ಜನ' ಎಂದು ಬರೆದಳು. "ಮೊದ್ಲು ಕಂಡುಹಿಡಿದೋರು ಇವ್ರು. ನಾವೆಲ್ಲ ಆಮೇಲೆ ಬಂದೋರು."

ಊರಿಗೆ ಬರುವ ಬಸ್ಸಿನಲ್ಲಿ ಕೇಳಿದಳು, "ಮರ್ಯಾದೆ ಹೋಯ್ತಾ ಅಪ್ಪ?"

"ಹೋಗೇ ಮಾರಾಯ್ತಿ, ಇವತ್ತೇ ಬಂದಿದ್ದು" ಎಂದೆ.

ಎಷ್ಟು ಮಾರ್ಕ್ಸ್ ಬಂತೆಂದು ನಾನಿನ್ನೂ ಕೇಳಿಲ್ಲ. ಅಂಗಡಿಗೆ ಬಂದವರಿಗೆಲ್ಲ ಆ ಬೋರ್ಡಿನ ವಿಷಯವನ್ನೇ ಹೇಳುತ್ತಿದ್ದೇನೆ. ನಿಮ್ಮ ಮಕ್ಕಳೂ ಹೀಗೆ ನಿಮ್ಮ ಎದೆಯುಬ್ಬಿಸಿದ್ದರೆ ಬರೆದು ತಿಳಿಸಿ.