ಹನ್ನೊಂದು ಸುತ್ತು ರೇಷ್ಮೆ

ಆಯಿಲ್ ಕೂಲರಿನ ಪೈಪು ಬದಲಾಯಿಸುವುದು ಒಂದು ಬೆಳಗಿನ ಕೆಲಸ ಅಂದುಕೊಂಡಿದ್ದೆ. ನನ್ನದು ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಹಳೆಯ ಸ್ಪೋರ್ಟ್ಸ್ ಕಾರು. ಅದರ ಮೂತಿಯ ಹಿಂದೆ ಪುಟ್ಟ ರೇಡಿಯೇಟರಿನಂಥದೊಂದು ಇದೆ. ಎಂಜಿನ್ನಿನ ಕಾದ ಎಣ್ಣೆ ಅಲ್ಲಿಗೆ ಹೋಗಿ ತಣ್ಣಗಾಗಿ ವಾಪಸ್ಸು ಬರುತ್ತದೆ. ಹೋಗುವುದಕ್ಕೊಂದು ರಬ್ಬರ್ ಪೈಪು, ಬರುವುದಕ್ಕೊಂದು. ಎರಡೂ ಬಿರುಕು ಬಿಟ್ಟು, ರಾಮನಗರದ ನಮ್ಮ ಅಂಗಳದಲ್ಲಿ ದಿನಾ ರಂಗೋಲಿಯ ಪಕ್ಕ ಒಂದು ಕಪ್ಪು ಚುಕ್ಕಿ ಬೀಳುತ್ತಿತ್ತು.

“ನಾನೊಂದು ಚುಕ್ಕಿ ಇಟ್ರೆ ನಿಮ್ ಕಾರು ಇನ್ನೊಂದ್ ಇಡ್ತದೆ,” ಎನ್ನುತ್ತಿದ್ದಳು ಹೆಂಡತಿ. “ಒಂದಿನ ಗೆರೆ ಎಳ್ದು ಸೇರಿಸ್ಬುಡ್ತೀನಿ.”

ಹೊಸ ಪೈಪು ಕಳಿಸಿದ ಬೆಂಗಳೂರಿನ ಅಂಗಡಿಯವನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಥ್ರೆಡ್ ಸರಿಯಾಗಿ ಕೂರಿಸಿ ಸಾರ್, ಇಲ್ಲಾಂದ್ರೆ ಲೀಕ್ ಆಗುತ್ತೆ.” ಅದನ್ನು ಪಕ್ಕದ ಮನೆಯ ಚಾಚಾಗೆ ಹಾಗೇ ಒಪ್ಪಿಸಿದೆ. ಚಾಚಾ ಹುಡುಗರಾಗಿದ್ದಾಗಿನಿಂದ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆದವರು.

“ಥ್ರೆಡ್ಡಾ? ರಾಮನಗರದಾಗೆ ಕೂತ್ಕೊಂಡು ಥ್ರೆಡ್ಡಿಗೆ ಯೋಚ್ನೆ ಮಾಡ್ತೀರಲ್ಲ ಗೌಡ್ರೇ,” ಎಂದು ನಗುತ್ತಾ ಒಳಗೆ ಹೋದವರು, ಗೂಡು ಬಿಚ್ಚುವಾಗ ಮೊದಲು ಬರುವ ಒರಟು ವೇಸ್ಟು ನೂಲನ್ನು ಒಂದು ಹಿಡಿ ತಂದರು. “ನಮ್ ಬಾಯ್ಲರ್ ಪೈಪ್‌ಗೆಲ್ಲ ಇದ್ನೇ ಸುತ್ತೋದು. ಹಬೆನೇ ಹೊರಕ್ ಬರಾಕಿಲ್ಲ, ಎಣ್ಣೆ ಎಲ್ಲಿ ಬತ್ತದೆ?”

ಸರಿ ಎನಿಸಿತು. ಕೂಲರಿಗೆ ಎಣ್ಣೆ ಹೋಗುವ ಕಡೆಯ ತಿರುಪು ಸವೆದಂತಿತ್ತು. ಅದೊಂದಕ್ಕೆ ಮಾತ್ರ ಬಿಗಿಯಾಗಿ ಹನ್ನೊಂದು ಸುತ್ತು ಸುತ್ತಿದೆ. ಪೈಪು ಕೂರಿಸಿ ಕಾರು ಸ್ಟಾರ್ಟ್ ಮಾಡಿದ್ದೇ ತಡ, ಅಲ್ಲಿಂದಲೇ ಎಣ್ಣೆ ಚಿಮ್ಮಿತು. ಕೂಡಲೇ ಆಫ್ ಮಾಡಿದೆ. ಬಿಚ್ಚಿ ನೋಡಿದರೆ ನೂಲು ಕತ್ತರಿಸಿಹೋಗಿ ಚೂರಾಗಿತ್ತು. ಅದರ ತುದಿಯೊಂದು ಕೂಲರಿನ ಬಾಯಿಯೊಳಕ್ಕೆ ಇಳಿಬಿದ್ದಿತ್ತು.

ಅಂಗಡಿಯವನಿಗೆ ಫೋನು ಮಾಡಿದೆ.

“ನೂಲು ಸುತ್ತಿದ್ರಾ?” ಎಂದ. “ಸಾರ್, ಥ್ರೆಡ್ ಅಂದ್ರೆ ದಾರ ಅಲ್ಲ, ತಿರುಪಿನ ಮರೆ, ಆ ಸುತ್ತು ಗೆರೆ. ಮರೆ ಮರೆಗೆ ಕೂತು, ತುದಿಗಳು ಬಾಯಿಗೆ ಬಾಯಿ ಒತ್ಕೊಂಡ್ರೆ ಸಾಕು, ಮಧ್ಯೆ ಏನೂ ಇರಬಾರದು. ಎಂಜಿನ್ ಸ್ಟಾರ್ಟ್ ಮಾಡಿಲ್ಲ ತಾನೆ?”

ಮಾಡಿದ್ದೆ. ನನ್ನ ಕಾರಿನಲ್ಲಿ ಫಿಲ್ಟರು ಕೂಲರಿಗಿಂತ ಮೊದಲಿದೆ. ಕೂಲರಿನಿಂದ ಹೊರಟ ಎಣ್ಣೆಗೆ ನೇರ ಎಂಜಿನ್ನಿನ ಹೊಟ್ಟೆಗೇ ದಾರಿ. ಒಂದೆಳೆ ಹೋಗಿ ಬೇರಿಂಗಿನ ಎಣ್ಣೆ ತೂತಿಗೆ ಸಿಕ್ಕಿಕೊಂಡರೆ ಎಂಜಿನ್ನು ಕಚ್ಚಿಕೊಂಡು ನಿಂತೇಹೋಗುತ್ತದೆ. ಆ ಎಂಜಿನ್ನಿಗೆ ಬಿಡಿಭಾಗ ಈಗ ಯಾರೂ ಮಾಡುವುದಿಲ್ಲ.

ಕುಳಿತರೆ ನಿಲ್ಲಬೇಕು, ನಿಂತರೆ ಗೇಟಿನ ತನಕ ಹೋಗಿ ಬರಬೇಕು. ಹೆಂಡತಿ ಕೊಟ್ಟ ಕಾಫಿಯನ್ನು ಬಾನೆಟ್ಟಿನ ಮೇಲಿಟ್ಟು ಮರೆತು, ಅಡುಗೆಮನೆಗೆ ಹೋಗಿ ಮತ್ತೆ ಕಾಫಿ ಕೇಳಿದೆ.

“ಹೊರಗೆ ಒಂದ್ ಲೋಟ ಆರ್ತಾ ಐತೆ, ಅದ್ನ ಯಾರ್ ಕುಡೀತಾರೆ, ಕಾರಾ?” ಎಂದಳು. ನನ್ನ ಮುಖ ನೋಡಿ ಅದನ್ನೇ ತಂದು ಬಿಸಿ ಮಾಡಿಕೊಟ್ಟಳು.

ಚಾಚಾಗೆ ಹೇಳದೆ ಇರೋಣ ಎಂದುಕೊಂಡೆ. ಪ್ರೀತಿಯಿಂದ ಕೊಟ್ಟ ನೂಲು. ಆದರೆ ನನ್ನ ಓಡಾಟ ಕಾಂಪೌಂಡಿನ ಆಚೆಗೂ ಕಾಣುತ್ತಿತ್ತು. ಬಂದರು, ಕೇಳಿದರು, ಹೇಳಿದೆ. ಅವರ ನಗು ನಿಂತುಹೋಯಿತು.

“ಎಷ್ಟ್ ಸುತ್ತು ಸುತ್ತಿದ್ರಿ?”

“ಹನ್ನೊಂದು.”

ಅದೇ ತಿರುಪಿಗೆ ಬೇರೆ ನೂಲನ್ನು ಹನ್ನೊಂದು ಸುತ್ತು ಸುತ್ತಿ ಕತ್ತರಿಸಿದರು. ಅದನ್ನು ಬಿಳಿ ಟವೆಲ್ಲಿನ ಮೇಲೆ ಉದ್ದಕ್ಕೆ ಹಾಸಿ, ಸಿಕ್ಕಿದ್ದ ಚೂರುಗಳನ್ನು ಪಕ್ಕದಲ್ಲಿ ಜೋಡಿಸಿದರು. ಒಂದು ಗೇಣು ಕಮ್ಮಿ.

ಕೂಲರನ್ನು ಪೂರ್ತಿ ಕಳಚಿ, ಸೀಮೆಎಣ್ಣೆ ತುಂಬಿ, ಕುಲುಕಿ, ನನ್ನ ಹಳೆಯ ಪಂಚೆಯ ಮೇಲೆ ಸುರಿದೆವು. ನನ್ನ ಕಣ್ಣಿಗೆ ಕರಿ ಬಿಟ್ಟು ಬೇರೇನೂ ಕಾಣಲಿಲ್ಲ. ಚಾಚಾ ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಎರಡು ಬೆರಳು ಆಡಿಸಿದರು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿದ ಬೆರಳುಗಳು ಅವು. ನಿಂತವು. ಎರಡು ಉಗುರಿನ ನಡುವೆ ಒಂದು ಎಳೆ ಎದ್ದು ಬಂತು.

ಐದು ಸಲ ತೊಳೆದೆವು. ನಾಲ್ಕು ಸಲ ಸಿಕ್ಕಿತು, ಐದನೆಯ ಸಲ ಏನೂ ಇಲ್ಲ. ಸಿಕ್ಕಿದ್ದನ್ನೆಲ್ಲ ಜೋಡಿಸಿದರೂ ಟವೆಲ್ಲಿನ ಮೇಲೆ ಇನ್ನೂ ಒಂದು ಉಗುರಿನಷ್ಟು ಕೊರತೆ. ನಾನು ಮೆಲ್ಲನೆ ಕೊನೆಯ ಚೂರಿನ ತುದಿ ಹಿಡಿದು ನೇರ ಮಾಡಲು ಹೋದೆ.

“ಎಳೀಬ್ಯಾಡಿ ಗೌಡ್ರೇ,” ಎಂದರು. “ರೇಷ್ಮೆ ಅದು. ಎಳುದ್ರೆ ನಿಮಗ್ ಬೇಕಾದಷ್ಟ್ ಉದ್ದ ಆಯ್ತದೆ.”

ಮತ್ತೆ ಎರಡು ಸಲ ತೊಳೆದೆವು. ವಾಪಸ್ಸು ಬರುವ ಪೈಪನ್ನೂ ಊದಿ ನೋಡಿದೆವು. ಏನೂ ಬರಲಿಲ್ಲ. ಹೊತ್ತು ಇಳಿಯುತ್ತಿತ್ತು. ನೂಲಿಲ್ಲದೆ, ಕೈಯಲ್ಲೇ ಮರೆಗೆ ಮರೆ ಹಿಡಿಸಿ, ಕೊನೆಗೆ ಮಾತ್ರ ಸ್ಪ್ಯಾನರ್ ಹಾಕಿ ಬಿಗಿದೆ. ಹೊಸ ಎಣ್ಣೆ ಹಾಕಿದೆ. ಆದರೆ ಕೀಲಿಗೆ ಕೈ ಹೋಗಲಿಲ್ಲ.

“ನಾಳೆ ನೋಡೋಣ ಚಾಚಾ.”

“ನಾಳೆಗೆ ಆ ಉಗುರುದ್ದ ನೂಲು ಎದ್ ಬತ್ತದಾ? ಇವತ್ತೇ ತಿರುಗ್ಸಿ. ಒಸಿ ತಿರುಗ್ಸಿ, ನಾನು ಇಲ್ಲೇ ಇವ್ನಿ.”

ತಿರುಗಿಸಿದೆ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಅಲುಗಲೇ ಇಲ್ಲ. ಒಂದು, ಎರಡು, ಮೂರು ಎಣಿಸಿದೆ. ನಾಲ್ಕಕ್ಕೆ ಎದ್ದು ನಿಂತಿತು. ಕೆಳಗೆ ಬಗ್ಗಿ ನೋಡಿದ ಚಾಚಾ ಹನಿಯೂ ಇಲ್ಲವೆಂದು ಕೈಯಲ್ಲಾಡಿಸಿದರು.

ಆ ಉಗುರುದ್ದ ಎಳೆ ಇವತ್ತಿನವರೆಗೂ ಸಿಕ್ಕಿಲ್ಲ. “ಎಂಜಿನ್ನು ಜೀರ್ಣ ಮಾಡ್ಕೊಂಡೈತೆ ಬುಡಿ,” ಎನ್ನುತ್ತಾರೆ ಚಾಚಾ. ಮಾಗಡಿ ರಸ್ತೆಯ ಏರಿನಲ್ಲಿ ಸಾವನದುರ್ಗ ಕಾಣಿಸಿದಾಗ ಪಕ್ಕದಲ್ಲಿ ಕುಳಿತ ಹೆಂಡತಿ ಅತ್ತ ನೋಡಿ ಎಂದು ತೋರಿಸುತ್ತಾಳೆ. ಹೂಂ ಎನ್ನುತ್ತೇನೆ, ಒತ್ತಡದ ಮುಳ್ಳಿನ ಮೇಲಿನ ಕಣ್ಣು ತೆಗೆಯದೆ.