ಡೋಲಕ್ಕಿನ ವಾದದಲ್ಲಿ ಹೋದ ಲಾರಿ

ಬರಗಾಲದ ಆ ವರ್ಷ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿ ಬರಲಿಲ್ಲ. ಹಮಾಲಿ ಮಾಡುತ್ತಿದ್ದ ನನ್ನ ಗಂಡ ಮತ್ತು ಮೈದುನ ಖಾಲಿ ಕೈಗಾಡಿಯ ಮೇಲೆ ಕೂತು ಒಬ್ಬ ಸಿನಿಮಾ ಸಂಗೀತಗಾರನ ಬಗ್ಗೆ ವಾದಕ್ಕಿಳಿದಿದ್ದರು.

“ಡೋಲಕ್ ಬಿಟ್ರ ಅವಂಗ ಏನ್ ಬರ್ತದಲೇ?” ಎಂದರು ನಮ್ಮವರು.

“ಅಣ್ಣಾ, ಅದೇ ಡೋಲಕಿಗಿ ನನ್ನ ಲಗ್ನದಾಗ ಧೋತರ ಬಿಚ್ಚೋ ಹಾಂಗ ಕುಣದಿ!”

ಅಷ್ಟರಲ್ಲಿ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಜನರನ್ನು ಒಯ್ಯುವ ಲಾರಿ ಬಂತು. ಅದಕ್ಕಾಗಿಯೇ ಮುಂಜಾನೆಯಿಂದ ಗಂಟು ಕಟ್ಟಿಕೊಂಡು ಕಾದಿದ್ದೆವು.

“ಲಾರಿ ಬಂತು, ಏಳ್ರಿ,” ಎಂದೆ.

“ತಡಿ, ಇವನ ಬಾಯಿ ಮುಚ್ಚಸ್ತೇನಿ.”

ಅವನು ಬಾಯಿ ಮುಚ್ಚಲಿಲ್ಲ. ಔರಾದಿನ ಕಡೆಯವರು ಹತ್ತಿ ಲಾರಿ ತುಂಬಿತು, ಹೊರಟೂ ಹೋಯಿತು. ಈ ವರ್ಷ ಇನ್ನು ಜನ ಬೇಡವೆಂದು ಕೂಲಿಯವರನ್ನು ಗೊತ್ತುಮಾಡುವ ಮುಕಾದಮ ಹೇಳಿದ.

ಮರುದಿನ ಇಬ್ಬರೂ ಮತ್ತೆ ಅದೇ ಸಂಗೀತಗಾರನನ್ನು ಎಳೆದಾಡಿದರು. ನಾನು ಬೈಯಲಿಲ್ಲ. ಬೈದರೆ ಲಾರಿ ತಿರುಗಿ ಬರುತ್ತಿತ್ತೇ?