ನಡು ಉಬ್ಬಿದ ಪಡಸಾಲೆ

ಭೂಮಿ ಗುಂಡಗಿದೆ ಎಂದು ಈಗ ಮೊಮ್ಮಕ್ಕಳು ನನಗೆ ಹೇಳಿಕೊಡಲು ಬರುತ್ತಾರೆ. ನನಗೆ ಅದು ಮದುವೆಯಾದ ವರ್ಷವೇ ಗೊತ್ತಾಗಿತ್ತು. ಗೊತ್ತಾಗದಿದ್ದರೆ ನಮ್ಮ ಮನೆಗೆ ಒಳ್ಳೆಯದಿತ್ತು.

ಆಗ ನಿಜಾಮರ ಕಾಲ. ನನ್ನ ತವರು ಶಹಾಬಾದ್ ಕಡೆ, ಕೊಟ್ಟದ್ದು ವಾಡಿ ಹತ್ತಿರದ ಒಂದು ಹಳ್ಳಿಗೆ. ನಾನು ಓದಿದ್ದು ಎರಡನೇ ಇಯತ್ತೆ. ನನ್ನ ಮಾವ ಅಷ್ಟೂ ಓದಿರಲಿಲ್ಲ, ಆದರೆ ನೆಲಕ್ಕೆ ಪರಸಿ ಕಲ್ಲು ಹಾಸುವುದರಲ್ಲಿ ಚಿತ್ತಾಪುರದಿಂದ ಸೇಡಂವರೆಗೆ ಅವರ ಹೆಸರು ಓಡುತ್ತಿತ್ತು. ನನ್ನ ಗಂಡ ಅವರ ಕೈಕೆಳಗೆ ಗಚ್ಚು ಕಲಸುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ಅವನ ವಿಷಯ ಇಷ್ಟೇ.

ಮಾವನ ಹತ್ತಿರ ಮಾರುದ್ದದ ಒಂದು ಕಟ್ಟಿಗೆ ಇತ್ತು. ಅದರ ನಡುವೆ ಉದ್ದಕ್ಕೂ ತೋಡು ಕೆತ್ತಿ, ತೋಡಿನ ತುಂಬ ನೀರು ಹಾಕಿ ಕಲ್ಲಿನ ಮೇಲೆ ಇಡುತ್ತಿದ್ದರು. ನೀರು ಎರಡೂ ತುದಿಯಲ್ಲಿ ಸರಿಯಾಗಿ ಅಂಚು ಮುಟ್ಟಿದರೆ ಕಲ್ಲು ಮಟ್ಟಕ್ಕಿದೆ ಎಂದರ್ಥ. "ಮನಷ್ಯಾ ಸುಳ್ಳ ಹೇಳ್ತಾನ, ನೀರು ಹೇಳಂಗಿಲ್ಲ" ಎನ್ನುವುದು ಅವರ ಮಾತು. ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಕೇಳಿ ಕೇಳಿ ಅತ್ತೆಗೆ ತಲೆನೋವು ಬರುತ್ತಿತ್ತು.

ಊರಿನ ಸರಕಾರಿ ಸಾಲೆಗೆ ಹೈದ್ರಾಬಾದಿನಿಂದ ಒಬ್ಬ ಉರ್ದು ಮಾಸ್ತರ್ ಬದಲಿಯಾಗಿ ಬಂದರು. ನಮ್ಮ ಮನೆಗೆ ಅಂಟಿದ ಖೋಲಿಯಲ್ಲಿ ಬಾಡಿಗೆಗೆ ಇದ್ದರು. ಒಳ್ಳೆಯ ಮನುಷ್ಯ, ಆದರೆ ಗೊತ್ತಿದ್ದದ್ದನ್ನು ಹೇಳದೆ ಇರಲಾರರು. ಮಾವ ಅವರ ಖೋಲಿಗೆ ಪರಸಿ ಹಾಸಿ ಮುಗಿಸಿದ ದಿನ ಮಾಸ್ತರ್ ಕೆಳಗೆ ಕುಳಿತು ಕಲ್ಲಿನ ಮೇಲೆ ಕೈಯಾಡಿಸಿದರು.

"ಮೇಸ್ತ್ರಿ, ಏಕ್‌ದಂ ಸಪಾಟ ಮಾಡೀರಿ. ಲೇಕಿನ್ ಜಮೀನ್ ಸಪಾಟ ಇಲ್ಲ, ಗೋಲ್ ಅದ."

"ಯಾರ ಜಮೀನು?" ಎಂದರು ಮಾವ.

ಮಾಸ್ತರ್‌ಗೆ ಅಷ್ಟೇ ಬೇಕಾಗಿತ್ತು. ನಮ್ಮ ಅಂಗಳದಲ್ಲಿ ಅತ್ತೆ ತೊಳೆದಿಟ್ಟಿದ್ದ ಕುಂಬಳಕಾಯಿಯನ್ನು ತಾವೇ ಎತ್ತಿಕೊಂಡು ಬಂದರು. ಇಡೀ ಭೂಮಿ ಹೀಗೆ ಎಂದರು. ಮೂರು ಪಾಲು ಸಮುದ್ರವೇ, ಆದರೆ ಕಾಯಿಯ ಮೇಲೆ ಅಂಟಿದ ಈ ಹಸಿ ಇದೆಯಲ್ಲ, ಅಷ್ಟೇ ದಪ್ಪ ನೀರು, ಒರೆಸಿದರೆ ಸೆರಗಿಗೆ ಬರುತ್ತದೆ ಎಂದರು. ಶಹಾಬಾದಿನ ಎಲ್ಲಕ್ಕಿಂತ ಆಳದ ಕಲ್ಲಿನ ಗಣಿಯೂ ಈ ಕಾಯಿಯ ಸಿಪ್ಪೆಗೆ ಉಗುರು ತಾಗಿದಷ್ಟು ಆಗುವುದಿಲ್ಲವಂತೆ. ಒಳಗೆ ಹೋದಷ್ಟೂ ಕಾವು, ಇನ್ನೂ ಒಳಗೆ ಹೋದರೆ ಕಬ್ಬಿಣವೇ ಕರಗಿ ಕುದಿಯುತ್ತದಂತೆ.

"ಅದಕ್ಕ ನೋಡ್ರಿ, ನಮ್ಮೂರಾಗ ಬ್ಯಾಸಗಿ ಹಿಂಗ ಸುಡತದ" ಎಂದರು ಅತ್ತೆ. ಬಾಗಿಲಲ್ಲಿ ನಿಂತು ಕಾಯಿ ವಾಪಸು ಕೊಡುವುದನ್ನೇ ಕಾಯುತ್ತಿದ್ದರು. ಸಾರಿಗೆ ಹೊತ್ತಾಗಿತ್ತು.

"ಮತ್ತ ಭೂಮಿ ಪೂರಾ ಗೋಲೂ ಇಲ್ಲ, ಮೇಸ್ತ್ರಿ. ನಡು ಜರಾ ಉಬ್ಬ್ಯದ."

ಅತ್ತೆ ಮಾವನ ಹೊಟ್ಟೆಯ ಕಡೆ ನೋಡಿದರು. ಮಾವ ನಗಲಿಲ್ಲ.

"ಆದ್ರ ನೀರು ಸಮ ಇರತದಲ್ರಿ, ಮಾಸ್ತರ್ ಸಾಬ್?"

"ನೀರೂ ಬಾಗ್ಯದ. ಸಮುದ್ರದಾಗ ಜಹಾಜು ದೂರ ಹೋದ್ರ ಮೊದ್ಲು ಕೆಳಗಿಂದು ಮುಳಗತದ, ಆಮ್ಯಾಲ ಮ್ಯಾಲಿಂದು. ಯಾಕಂದ್ರ ನೀರೇ ಬಾಗ್ಯದ."

ಮಾವ ತಮ್ಮ ಕಟ್ಟಿಗೆ ಎತ್ತಿಕೊಂಡು ಮನೆಗೆ ಬಂದರು. ಎರಡು ದಿನ ರೊಟ್ಟಿ ಸರಿಯಾಗಿ ತಿನ್ನಲಿಲ್ಲ. ಹೊಸ್ತಿಲ ಮೇಲೆ ಕುಳಿತು ತೋಡಿನಲ್ಲಿ ನೀರು ಹಾಕುವುದು, ಒಂದು ಕಣ್ಣು ಮುಚ್ಚಿ ನೋಡುವುದು, ಚೆಲ್ಲುವುದು, ಮತ್ತೆ ಹಾಕುವುದು. ನಾನು ಹೊತ್ತು ತಂದ ನೀರು ಅದು.

ಅದೇ ಹೊತ್ತಿಗೆ ನಮ್ಮೂರ ಗೌಡರ ಪಡಸಾಲೆಯ ಕೆಲಸ ಬಂತು. ಮೂವತ್ತಡಿ ಉದ್ದದ ಪಡಸಾಲೆ, ಮನೆಯಲ್ಲಿ ಮಗಳ ಮದುವೆ. ಮಾವ ಹೋಗಿ ಹಾಸಿ ಬಂದರು. ಮರುದಿನ ಗೌಡರ ತಾಯಿ ಹೇಳಿ ಕಳಿಸಿದರು. ಅತ್ತೆ ಹೋದರು, ಹಿಂದೆ ನಾನೂ ಹೋದೆ.

ಆ ಮುದುಕಿ ನಮ್ಮನ್ನು ನೋಡಿದ್ದೇ ಪಡಸಾಲೆಯ ನಡುವೆ ನಿಂತು ಒಂದು ಕೊಡ ನೀರು ಸುರಿದಳು. ನೀರು ನಾಲ್ಕೂ ಗೋಡೆಗೆ ಓಡಿತು. ಮದುವೆಗೆಂದು ಗೋಡೆಗೆ ಒರಗಿಸಿಟ್ಟ ಜೋಳದ ಚೀಲಗಳ ಕೆಳಗೆ ಹೊಕ್ಕಿತು. ಮಾವ ನಡುವೆ ಎರಡು ಬೆರಳು ಎತ್ತರಿಸಿ, ಎಲ್ಲ ಕಡೆ ಸಣ್ಣಗೆ ಇಳಿಸಿದ್ದರು. ಕೆಲಸ ಎಷ್ಟು ಅಚ್ಚುಕಟ್ಟು ಎಂದರೆ ಒಂದು ಸಂದು ಕಾಣುತ್ತಿರಲಿಲ್ಲ.

"ಬೀಗರು ಗ್ವಾಡಿಗಿ ಬೆನ್ ಹಚ್ಚಿ ಕುಂದರ್ತಾರ. ಎಲಿಗಿ ಸಾರು ಹಾಕಿದ್ರ ಸೀದಾ ಅವರ ಮಡಲಾಗ ಬೀಳತದ. ಏನ್ ಮಾಡಿಟ್ಟಾನ ನಿನ್ನ ಗಂಡ? ಇದು ಪಡಸಾಲಿನೋ, ಆನಿ ಬೆನ್ನೋ?"

ಸೋಮವಾರದೊಳಗೆ ಸರಿಮಾಡದಿದ್ದರೆ ವಾಡಿಯಿಂದ ಬೇರೆ ಮೇಸ್ತ್ರಿಯನ್ನು ಕರೆಸುತ್ತೇವೆ ಎಂದಳು. ಹಾಗೇನಾದರೂ ಆಗಿದ್ದರೆ ಆ ಸೀಮೆಯಲ್ಲಿ ಮಾವನನ್ನು ಬಚ್ಚಲಿನ ಕಲ್ಲಿಗೂ ಯಾರೂ ಕರೆಯುತ್ತಿರಲಿಲ್ಲ. ನಮ್ಮ ಒಲೆ ಉರಿಯುತ್ತಿದ್ದದ್ದು ಅವರ ಕೈಯ ಹೆಸರಿನಿಂದ.

ಮಾವ ಮಾತ್ರ ಜಪ್ಪಯ್ಯ ಎನ್ನಲಿಲ್ಲ. "ನಾ ತೆಗಿಯಂಗಿಲ್ಲ. ಇಷ್ಟ ವರ್ಷ ಸುಳ್ಳ ಹಾಸೀನಿ. ಈಗ ಖರೇ ಹಾಸೀನಿ. ಭೂಮಿ ಹ್ಯಾಂಗದ ಹಂಗ ಅದ" ಎಂದು ಹೊದ್ದುಕೊಂಡು ಮಲಗಿದರು. ಮಟಮಟ ಮಧ್ಯಾಹ್ನ. ಅತ್ತೆ ಅತ್ತರು, ಬೈದರು, ಕುಂಬಳಕಾಯಿಯನ್ನು ಅಂಗಳದಲ್ಲಿ ಇಟ್ಟದ್ದಕ್ಕೆ ತಮ್ಮನ್ನೂ ಬೈದುಕೊಂಡರು.

ಆಗ ಸೊಸೆ ಮಾವನ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಹೇಳಬೇಕಾದದ್ದನ್ನು ಅತ್ತೆಗೆ ಹೇಳಬೇಕು, ಮಾವ ಅಲ್ಲೇ ಮೂರು ಮೊಳದಲ್ಲಿ ಇದ್ದರೂ ಸರಿ. ನಾನು ರೊಟ್ಟಿ ಬಡಿಯುತ್ತಿದ್ದೆ. ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು.

"ಅತ್ತೀ, ಮಾಸ್ತರ್ ನೀರೂ ಬಾಗ್ಯದ ಅಂದ್ರಲ್ಲ?"

"ಅಂದ ನೋಡು, ಅವನ ಬಾಯಾಗ ಮಣ್ ಹಾಕ."

"ಮತ್ತ ಮಾವಾರು ನೀರ್ ನೋಡೇ ಕಲ್ ಹಾಸ್ತಿದ್ರಲ್ರಿ. ನೀರು ಬಾಗಿದ್ರ, ಅದರ ಸಂಗಾಟ ಕಲ್ಲೂ ಆವಾಗೇ ಬಾಗಿರತದ. ಮ್ಯಾಲ ಮತ್ತ ಎರಡ ಬೆರಳು ಯಾಕ ಏರಸಬೇಕು?"

ಹೊದಿಕೆ ಅಲುಗಾಡಿತು. "ಅಕಿಗಿ ಕೇಳು," ಎಂದರು ಮಾವ ಅತ್ತೆಗೆ, "ಹಂಗಾದ್ರ ಮೊದ್ಲಿಂದೂ ನಾ ಗುಂಡಗೇ ಹಾಸೀನೇನು?"

"ಹಾಸ್ಯಾರಂತ ಹೇಳ್ರಿ ಅತ್ತೀ. ಅವರಿಗಿ ಗೊತ್ತಿದ್ದಿಲ್ಲ, ಅಷ್ಟೇ."

"ಗೊತ್ತಿದ್ದಿಲ್ಲ ಅನಬ್ಯಾಡ ಅಂತ ಹೇಳು ಅಕಿಗಿ."

ನಡುವೆ ಕುಳಿತ ಅತ್ತೆ ಎರಡೂ ಕಡೆ ಕುತ್ತಿಗೆ ತಿರುಗಿಸಿ ಸಾಕಾಗಿ, "ನಿಮ್ಮಿಬ್ಬರ ಭೂಮಿಗಿ ಬೆಂಕಿ ಹಚ್ಚ" ಎಂದು ಎದ್ದುಹೋದರು. ಬೆಂಕಿ ಮೊದಲೇ ಒಳಗೆ ಇದೆ ಎಂದು ಮಾಸ್ತರ್ ಹೇಳಿದ್ದರು, ಆದರೆ ಆಗ ಅದನ್ನು ನೆನಪಿಸಿದರೆ ಲಟ್ಟಣಿಗೆ ನನ್ನ ತಲೆಗೆ ಬರುತ್ತಿತ್ತು.

ಮಾವ ಎದ್ದು ಮಾಸ್ತರ್ ಖೋಲಿಗೆ ಹೋದರು. ನಡುವಿನ ಗೋಡೆ ತೆಳುವಾಗಿತ್ತು, ಎಲ್ಲ ಕೇಳಿಸಿತು. ಪಾಟಿಯ ಮೇಲೆ ಬಳಪ ಬಹಳ ಹೊತ್ತು ಕಿರುಗುಟ್ಟಿತು. ಆಮೇಲೆ ಮಾಸ್ತರ್ ಬಿದ್ದು ಬಿದ್ದು ನಕ್ಕರು.

"ಅರೇ ಮೇಸ್ತ್ರಿ! ನಡುವ ಎರಡ ಬೆರಳು ಉಬ್ಬಬೇಕಂದ್ರ ಗೌಡರ ಪಡಸಾಲಿ ಹತ್ರ ಹತ್ರ ಒಂದು ಮೈಲು ಉದ್ದ ಇರಬೇಕು! ಮೂವತ್ತ ಅಡಿಗಿ ಎಷ್ಟು ಬಾಗತದ ಗೊತ್ತದೇನು? ಒಂದು ಕೂದಲು ಸೀಳ್ರಿ. ಆ ಸೀಳಿಂದು ಮತ್ತ ಸೀಳ್ರಿ. ಅದನ್ನ ಮತ್ತೂ ಸೀಳ್ರಿ. ಅದಕ್ಕೂ ಕಮ್ಮಿ."

"ಆದ್ರ ಬಾಗತದ ಅಲ್ಲ?"

"ಬಾಗತದ."

"ನಾ ಹಾಸಿದ್ದೂ ಬಾಗ್ಯದ?"

"ನೀರು ನೋಡಿ ಹಾಸಿದ್ರ ಬಾಗಿರತದ."

ಅಷ್ಟೇ ಸಾಕಾಯಿತು. ಮಾವ ಬಂದು ಎರಡು ದಿನದ ರೊಟ್ಟಿ ಒಂದೇ ಸಲಕ್ಕೆ ತಿಂದರು. ಶುಕ್ರವಾರ ಕಲ್ಲು ಕೀಳಲು ಹತ್ತಿದರು. ಗಚ್ಚು ಬಿಗಿಯಾಗಿ ಕಚ್ಚಿಕೊಂಡಿತ್ತು, ನಾನೂ ಅತ್ತೆಯೂ ಹೋಗಿ ಕಲ್ಲು ಒರೆಸಿಕೊಟ್ಟೆವು. ಒಡೆದದ್ದು ಒಂದೇ ಕಲ್ಲು, ಅದೂ ನನ್ನ ಗಂಡನ ಕೈಯಲ್ಲಿ. ಭಾನುವಾರ ಸಂಜೆಗೆ ಮುಗಿಯಿತು.

ಸೋಮವಾರ ಮುದುಕಿ ಮತ್ತೆ ಕೊಡ ತಂದಳು. ಸುರಿದ ನೀರು ಅಲ್ಲೇ ಹರಡಿ ನಿಂತಿತು, ಎಲ್ಲಿಗೂ ಹೋಗಲಿಲ್ಲ.

"ಈಗ ನೋಡು, ಸಪಾಟ ಆತು" ಎಂದಳು.

ಸುಮ್ಮನೆ ತಲೆಯಾಡಿಸಿದ್ದರೆ ಆಗುತ್ತಿತ್ತು. ಅತ್ತೆ ಸೆರಗು ಕಚ್ಚಿ ಮಾವನಿಗೆ ಕಣ್ಸನ್ನೆ ಮಾಡಿದರು. ಮಾವ ನೋಡಲಿಲ್ಲ.

"ಸಪಾಟ ಅಲ್ರಿ ಅವ್ವಾರ. ಗುಂಡಗದ. ನಿಮಗ ಕಾಣಂಗಿಲ್ಲ."

ಮುದುಕಿ ನೆಲ ನೋಡಿದಳು, ಮಾವನನ್ನು ನೋಡಿದಳು, ಒಳಗೆ ಮದುವೆಯ ಗಡಿಬಿಡಿಯ ಕಡೆ ನೋಡಿದಳು.

"ಇರ್ಲಿ ಬಿಡು," ಎಂದಳು, "ಬೀಗರು ಉಂಡು ಹೋಗೋ ತನಕ ಯಾರ ಮುಂದೂ ಹೇಳಬ್ಯಾಡ."